ಇಕ್ಕಳ ಯಾರ ಕೈಯಲ್ಲಿದೆ ನೋಡಿ

ಅತ್ತೆ: [ಫೋಟೋ] ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು. ನಮ್ಮ ಅಜ್ಜ, ಅಜ್ಜಿ, ಮನೆಯ ಕುಲುಮೆ.

ಅಣ್ಣ: ಅಬ್ಬಾ! ಮುತ್ತಜ್ಜಿ ಕಮ್ಮಾರಿಕೆ ಮಾಡ್ತಿದ್ರಾ? ವಂಶವೃಕ್ಷದಲ್ಲಿ ‘ಗೃಹಿಣಿ’ ಅಂತ ಇದೆಯಲ್ಲ?

ಚಿಕ್ಕಪ್ಪ: ಸರಿಯಾಗೇ ಇದೆ, ಬರೆದವನು ನಾನು. ಕಮ್ಮಾರ ಅಂದರೆ ಅಜ್ಜ. ಅಜ್ಜಿ ಸಹಾಯಕ್ಕೆ ನಿಲ್ಲುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ತಿದಿ ಒತ್ತುವುದು, ಇದ್ದಿಲು ಹಾಕುವುದು, ಅಷ್ಟೇ.

ಅತ್ತೆ: ತಿದಿ ಒತ್ತುವುದು ಅಂದ್ರೆ ಸುಮ್ನೆ ಅಂದ್ಕೊಂಡ್ಯಾ? ಗಾಳಿ ಕಡಿಮೆಯಾದರೆ ಕಬ್ಬಿಣ ಬಗ್ಗಲ್ಲ. ಜಾಸ್ತಿ ಕಾದರೆ ಕಿಡಿ ಹಾರಿ ಸುಟ್ಟೇ ಹೋಗುತ್ತೆ. ಸುಟ್ಟ ಕಬ್ಬಿಣ ಆಮೇಲೆ ಯಾವ ಕೆಲಸಕ್ಕೂ ಬರಲ್ಲ.

ನಾನು: ತಿದಿ ಮಾತು ಆಮೇಲೆ. ಮೊದಲು ಫೋಟೋ ದೊಡ್ಡದು ಮಾಡಿ ನೋಡಿ. ಮುತ್ತಜ್ಜಿಯ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಚಿಕ್ಕ ಸುತ್ತಿಗೆ. ಮುತ್ತಜ್ಜ ಎರಡೂ ಕೈಯಲ್ಲಿ ಸಮ್ಮಟಿಗೆ ಹಿಡಿದಿದ್ದಾರೆ. ಇಬ್ಬರು ಸೇರಿ ಬಡಿಯುವಾಗ ಇಕ್ಕಳ ಹಿಡಿದವರದ್ದೇ ಯಜಮಾನಿಕೆ. ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹೊರಳಿಸುವುದು ಅವರು. ಎಲ್ಲಿ ಹೊಡೀಬೇಕು ಅಂತ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ತೋರಿಸುವುದೂ ಅವರೇ. ಸಮ್ಮಟಿಗೆಯವರು ತೋರಿಸಿದ ಕಡೆ ಹೊಡೆಯುತ್ತಾರೆ. ಸಾಕು ಅಂತ ಇವರು ಸನ್ನೆ ಮಾಡಿದರೆ ನಿಲ್ಲಿಸುತ್ತಾರೆ.

ಚಿಕ್ಕಪ್ಪ: ಫೋಟೋ ತೆಗೆದವನು ಹಾಗೆ ನಿಲ್ಲಿಸಿರಬಹುದು.

ಅಣ್ಣ: ಅವನೇ ನಿಲ್ಲಿಸಿದ್ದಾದರೆ ಗಂಡಸಿನ ಕೈಗೇ ಇಕ್ಕಳ ಕೊಡ್ತಿದ್ದ, ಅಲ್ವಾ?

ಚಿಕ್ಕಪ್ಪ: ಹೆಂಗಸರು ಕಬ್ಬಿಣ ಬಡಿದದ್ದು ಎಲ್ಲಾದರೂ ಕೇಳಿದ್ದೀರೇನಪ್ಪಾ?

ಅಣ್ಣ: ರಾಜಸ್ಥಾನದ ಗಾಡಿಯಾ ಲೋಹಾರರು ಇದ್ದಾರಲ್ಲ. ಎತ್ತಿನ ಗಾಡಿ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದವರು. ಗಂಡ ಇಕ್ಕಳ ಹಿಡಿದು ಕೂರುತ್ತಾನೆ, ಸಮ್ಮಟಿಗೆ ಬೀಸುವುದು ಹೆಂಡತಿ.

ಚಿಕ್ಕಪ್ಪ: ನೋಡಿದ್ಯಾ! ಅಲ್ಲೂ ಇಕ್ಕಳ ಗಂಡಸಿನದೇ. ಅವನೇ ಕಮ್ಮಾರ.

ನಾನು: ಹಾಗಾದರೆ ಇಕ್ಕಳ ಹಿಡಿದವರು ಕಮ್ಮಾರರು ಅಂತ ನೀವೇ ಒಪ್ಪಿದಿರಿ ಚಿಕ್ಕಪ್ಪ. ಈಗ ನಮ್ಮ ಫೋಟೋ ನೋಡಿ.

ಅತ್ತೆ: 😂😂

ದೊಡ್ಡಪ್ಪ: ಈಗಷ್ಟೇ ಎಲ್ಲ ಓದಿದೆ. ಇಂಗ್ಲೆಂಡಿನ ಕ್ರಾಡ್ಲಿ ಹೀತ್‌ನಲ್ಲಿ ಹೆಂಗಸರು ಮನೆ ಹಿಂದಿನ ಪುಟ್ಟ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಮಾಡುತ್ತಿದ್ದರು. ಕೂಲಿ ಹೊಟ್ಟೆಗೇ ಸಾಲುತ್ತಿರಲಿಲ್ಲ. 1910ರಲ್ಲಿ ಮೇರಿ ಮ್ಯಾಕಾರ್ಥರ್ ಮುಂದಾಳತ್ವದಲ್ಲಿ ಹತ್ತು ವಾರ ಹೋರಾಡಿ ಕೂಲಿ ಹೆಚ್ಚಿಸಿಕೊಂಡರು. ಅವರಿಗೆ ಕೂಲಿ ಅಂತ ಒಂದಿತ್ತು, ಜಗಳ ಆಯಿತು, ಹಾಗಾಗಿ ದಾಖಲೆಗೆ ಬಂದರು. ನಮ್ಮ ಅಜ್ಜಿಗೆ ಕೂಲಿ ಯಾರು ಕೊಡಬೇಕಿತ್ತು? ಇಬ್ಬರೂ ದುಡಿದರು, ಲೆಕ್ಕವೆಲ್ಲ ಅಜ್ಜನ ಹೆಸರಲ್ಲಿ ನಡೆಯಿತು. ಕಾಗದದಲ್ಲಿ ಅಜ್ಜಿ ಇಲ್ಲದ್ದು ಅದಕ್ಕೆ. ಕೆಲಸ ಗೊತ್ತಿಲ್ಲದ್ದಕ್ಕಲ್ಲ.

ಚಿಕ್ಕಪ್ಪ: ಸರಿ ಅಣ್ಣ. ‘ಕಮ್ಮಾರಿಕೆಗೆ ಸಹಾಯ’ ಅಂತ ಸೇರಿಸ್ತೀನಿ.

ಅತ್ತೆ: ಹಾಗಾದ್ರೆ ಸಮ್ಮಟಿಗೆ ಹಿಡಿದ ಅಜ್ಜನ ಮುಂದೆಯೂ ಅದನ್ನೇ ಬರಿ.

ಚಿಕ್ಕಪ್ಪ: ಅದು ಹೇಗಾಗುತ್ತೆ! ಅಜ್ಜ ಕಮ್ಮಾರ ಅಂತ ಎಲ್ಲರಿಗೂ ಗೊತ್ತು.

ನಾನು: ಅವರಲ್ಲ ಅಂತ ಯಾರು ಹೇಳಿದ್ರು? ಇಬ್ಬರ ಮುಂದೆಯೂ ಕಮ್ಮಾರಿಕೆ ಅಂತ ಹಾಕಿ. ಮುಗೀತು.

ದೊಡ್ಡಪ್ಪ: ಹೂಂ, ಹಾಗೇ ಮಾಡು. ತಂಗೀ, ಫೋಟೋ ಮಸುಕಾಗಿ ಬಂದಿದೆ, ಡಾಕ್ಯುಮೆಂಟ್ ಮಾಡಿ ಕಳಿಸು.

ಚಿಕ್ಕಪ್ಪ: ಹಾಕ್ತೀನಿ. ಆದರೆ ಅಜ್ಜನ ಹೆಸರೇ ಮೊದಲು.

ಅತ್ತೆ: ಅದ್ಯಾಕೆ?