ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಲೀಗಲ್, ಆದರೂ ಆಫರ್ ಲೆಟರ್‌ನಲ್ಲಿ ಡ್ರಗ್ ಟೆಸ್ಟ್: ಎಷ್ಟು ಹೆದರಬೇಕು?

ಸನಿವೇಲ್_ಶಿರಸಿ ಕೇಳಿದ್ದು:

ಸ್ಯಾನ್ ಹೋಸೆಯ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಬಂದಿದೆ. ಹೆಚ್-1ಬಿ (ಕೆಲಸದ ವೀಸಾ) ಟ್ರಾನ್ಸ್‌ಫರ್ ಆಗಬೇಕು. ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಸ್ಕ್ರೀನ್ ಎರಡೂ ಕ್ಲಿಯರ್ ಆದರೆ ಮಾತ್ರ ಆಫರ್ ನಿಲ್ಲುತ್ತೆ ಅಂತ ಷರತ್ತು ಹಾಕಿದ್ದಾರೆ. ನಿದ್ದೆಗೆ ಅಂತ ವಾರಕ್ಕೆ ಎರಡು ಸಲ 5 ಮಿಲಿಗ್ರಾಂ ಗಾಂಜಾ ಗಮ್ಮಿ (ಅಗಿಯೋ ಮಿಠಾಯಿ) ತಗೋತೀನಿ, ಅದೂ ಲೈಸೆನ್ಸ್ ಇರೋ ಅಂಗಡಿಯದು. ಇಲ್ಲಿ ಗಾಂಜಾ ಕಾನೂನುಬದ್ಧ ಅಂದಮೇಲೆ ಟೆಸ್ಟಲ್ಲಿ ಪಾಸಿಟಿವ್ ಬಂತು ಅಂತ ಆಫರ್ ವಾಪಸ್ ತಗೊಳ್ಳಬಹುದಾ? ವೀಸಾಗೆ ಏನಾದರೂ ತೊಂದರೆ ಇದೆಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಹೆಚ್‌ಆರ್_ಮೂಲೆ:

ಮೊದಲು ಕೆಲಸದ ವಿಷಯ. ವೀಸಾದ್ದು ಬೇರೆಯೇ ಕಥೆ, ಎರಡನ್ನೂ ಬೆರೆಸಬೇಡಿ.

ಕ್ಯಾಲಿಫೋರ್ನಿಯಾದಲ್ಲಿ 2016ರ ನವೆಂಬರ್‌ನಲ್ಲಿ, ಗಾಂಜಾವನ್ನು ಕಾನೂನುಬದ್ಧ ಮಾಡಿದ ಪ್ರೊಪೊಸಿಷನ್ 64 ಜನಮತದಲ್ಲಿ ಪಾಸಾಯಿತು, 2018ರ ಜನವರಿಯಿಂದ ವಯಸ್ಕರಿಗೆ ಅಂಗಡಿಯಲ್ಲಿ ಮಾರಾಟ ಶುರುವಾಯಿತು. ಆದರೆ ಆ ಕಾನೂನು ನೌಕರನನ್ನು ಕಾಪಾಡಲಿಲ್ಲ. ವೈದ್ಯರ ಸಲಹೆ ಮೇರೆಗೆ ಗಾಂಜಾ ಬಳಸುತ್ತಿದ್ದವರನ್ನು ಕೂಡ ಟೆಸ್ಟ್ ಪಾಸಿಟಿವ್ ಬಂದರೆ ತೆಗೆಯಬಹುದು ಅಂತ ರಾಜ್ಯದ ಸುಪ್ರೀಂ ಕೋರ್ಟ್ 2008ರಲ್ಲೇ, ರೇಜಿಂಗ್‌ವೈರ್ ಕೇಸಿನಲ್ಲಿ, ಹೇಳಿತ್ತು. ಪರಿಸ್ಥಿತಿ ಬದಲಾಗಿದ್ದು 2024ರ ಜನವರಿ 1ರಿಂದ. ಎಬಿ 2188 ಮತ್ತು ಎಸ್‌ಬಿ 700 ಎಂಬ ರಾಜ್ಯದ ಎರಡು ಕಾಯ್ದೆಗಳೂ ಅಂದೇ ಜಾರಿಗೆ ಬಂದವು. ಗವರ್ನಮೆಂಟ್ ಕೋಡ್ 12954ನೇ ಸೆಕ್ಷನ್ ನೋಡಿ.

ಅದರ ಪ್ರಕಾರ, 5 ಅಥವಾ ಹೆಚ್ಚು ನೌಕರರಿರುವ ಕಂಪನಿ, ಕೆಲಸದ ಹೊತ್ತಿನಾಚೆ, ಕೆಲಸದ ಜಾಗದ ಹೊರಗೆ ಗಾಂಜಾ ಬಳಸಿದ್ದಕ್ಕೆ ನಿಮ್ಮನ್ನು ತಿರಸ್ಕರಿಸುವ ಹಾಗಿಲ್ಲ. ಮೂತ್ರ, ರಕ್ತ, ಕೂದಲಿನಲ್ಲಿ ನಶೆ ತರದ ಮೆಟಬಾಲೈಟ್ (ದೇಹ ಗಾಂಜಾವನ್ನು ಒಡೆದ ಮೇಲೆ ಉಳಿಯುವ ಅವಶೇಷ) ಸಿಕ್ಕಿತು ಅನ್ನುವುದೂ ಕಾರಣವಾಗಲ್ಲ. "ಹಿಂದೆ ಯಾವತ್ತಾದರೂ ಗಾಂಜಾ ಬಳಸಿದ್ದೀರಾ" ಅಂತ ಅರ್ಜಿಯಲ್ಲಿ ಕೇಳುವುದೂ ತಪ್ಪು.

ಈಗ ತೂತುಗಳು. ಆಫೀಸಿಗೆ ತಂದರೆ, ಅಲ್ಲಿ ಬಳಸಿದರೆ, ಅಮಲಿನಲ್ಲಿ ಬಂದರೆ ರಕ್ಷಣೆ ಇಲ್ಲ. ಕಟ್ಟಡ ನಿರ್ಮಾಣದ ಕೆಲಸಗಾರರಿಗೆ ಇದು ಅನ್ವಯಿಸಲ್ಲ. ಫೆಡರಲ್ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಿರುವ ಹುದ್ದೆಗಳಿಗೂ ಇಲ್ಲ, ಫೆಡರಲ್ ನಿಯಮವೇ ಟೆಸ್ಟ್ ಕೇಳುವ ಕಡೆಯೂ ಇಲ್ಲ. ಇಲ್ಲಿ ಕೆಲವು ಹೆಚ್‌ಆರ್‌ಗಳು "ನಮಗೆ ಸರ್ಕಾರಿ ಕಾಂಟ್ರಾಕ್ಟ್ ಇದೆ, ಹಾಗಾಗಿ ಟೆಸ್ಟ್ ಕಡ್ಡಾಯ" ಅಂತ ತೇಲಿಸಿಬಿಡುತ್ತಾರೆ. 1988ರ ಡ್ರಗ್-ಫ್ರೀ ವರ್ಕ್‌ಪ್ಲೇಸ್ ಕಾಯ್ದೆ ಕಂಪನಿಗೆ ಒಂದು ಲಿಖಿತ ನೀತಿ ಇರಲಿ ಅನ್ನುತ್ತದೆಯೇ ಹೊರತು ಟೆಸ್ಟ್ ಮಾಡಲೇಬೇಕು ಅಂತ ಎಲ್ಲೂ ಹೇಳಲ್ಲ. ಯಾವ ಕಾಂಟ್ರಾಕ್ಟಿನ ಯಾವ ಷರತ್ತು ಅಂತ ಕೇಳಿ.

ದೊಡ್ಡ ತೂತು ಇನ್ನೊಂದಿದೆ: ಮೆಟಬಾಲೈಟ್ ಹುಡುಕದೆ, ಸಕ್ರಿಯ ಟಿಹೆಚ್‌ಸಿಯನ್ನೇ (ಗಾಂಜಾದಲ್ಲಿ ನಶೆ ತರುವ ಅಂಶ) ನೋಡುವ, ವೈಜ್ಞಾನಿಕವಾಗಿ ಸರಿಯಾದ ಪರೀಕ್ಷೆಯನ್ನು ಸೇರುವ ಮುಂಚೆ ಮಾಡಲು ಕಾನೂನೇ ಅವಕಾಶ ಕೊಟ್ಟಿದೆ. ಅಂದರೆ ಎಂಜಲು ಪರೀಕ್ಷೆ. ಅದರಲ್ಲಿ ಸಿಕ್ಕಿಬಿದ್ದರೆ ಈ ಸೆಕ್ಷನ್ ಕೈಹಿಡಿಯಲ್ಲ.

ಹಾಗಾಗಿ ಈಗಲೇ ಹೆಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ: ಸ್ಯಾಂಪಲ್ ಯಾವುದು, ಪ್ಯಾನೆಲ್‌ನಲ್ಲಿ (ಹುಡುಕುವ ಡ್ರಗ್‌ಗಳ ಪಟ್ಟಿ) ಏನೇನಿದೆ. ನಿಮ್ಮ ಗಮ್ಮಿಯ ಸುದ್ದಿ ಅದರಲ್ಲಿ ಬರೆಯಬೇಡಿ. ಕೇಳುವ ಹಕ್ಕೇ ಅವರಿಗಿಲ್ಲ, ನೀವಾಗಿ ಯಾಕೆ ಹೇಳಬೇಕು?

ಲ್ಯಾಬ್_ಗೌಡ:

ಟೆಸ್ಟ್ ಬಗ್ಗೆ ನಾನು ಬರೀತೀನಿ.

ಮೂತ್ರದಲ್ಲಿ ಹುಡುಕೋದು ಟಿಹೆಚ್‌ಸಿ ಅಲ್ಲ, ಲಿವರ್ ಅದನ್ನ ಒಡೆದ ಮೇಲೆ ಉಳಿಯೋ ಕಾರ್ಬಾಕ್ಸಿ-ಟಿಹೆಚ್‌ಸಿ. ಅದಕ್ಕೆ ನಶೆ ಇಲ್ಲ. ಆದರೆ ಟಿಹೆಚ್‌ಸಿ ಕೊಬ್ಬಲ್ಲಿ ಕೂತು ನಿಧಾನಕ್ಕೆ ಹೊರಗೆ ಬರೋದರಿಂದ ಈ ಅವಶೇಷ ದಿನಗಟ್ಟಲೆ ಮೂತ್ರದಲ್ಲಿ ಇಳೀತಾ ಇರುತ್ತೆ. ಅಪರೂಪಕ್ಕೆ ಒಂದು ಸಲ ತಗೊಂಡೋರಲ್ಲಿ 3–4 ದಿನ, ದಿನಾ ತಗೊಳ್ಳೋರಲ್ಲಿ 30 ದಿನ ದಾಟಿದರೂ ಆಶ್ಚರ್ಯ ಇಲ್ಲ. ವಾರಕ್ಕೆರಡು ಅಂದರೆ ನಡುವೆ ಎಲ್ಲೋ. ಮೈಯ ಕೊಬ್ಬು, ಡೋಸು, ಆ ದಿನ ಕುಡಿದ ನೀರು ಎಲ್ಲದರ ಮೇಲೂ ಹೋಗುತ್ತೆ, ದಿನ ಎಣಿಸಿ ಗ್ಯಾರಂಟಿ ಕೊಡೋ ವೆಬ್‌ಸೈಟ್ ನಂಬಬೇಡಿ.

ಫೆಡರಲ್ ಮಿತಿ ಹೀಗಿದೆ: ಮೊದಲ ಸ್ಕ್ರೀನ್‌ಗೆ ಮಿಲಿಲೀಟರ್‌ಗೆ 50 ನ್ಯಾನೋಗ್ರಾಂ. ಅದು ದಾಟಿದರೆ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ದೃಢೀಕರಣ, ಅಲ್ಲಿ ಮಿತಿ 15. ಮೊದಲನೇದು ಇಮ್ಯುನೋಅಸ್ಸೆ, ಅಂದಾಜಿನ ಟೆಸ್ಟು. ಹೊಟ್ಟೆ ಉರಿಗೆ ಕೊಡೋ ಪ್ಯಾಂಟೊಪ್ರಜೋಲ್‌ಗೂ ಅದು ಕೆಲವೊಮ್ಮೆ ಸುಳ್ಳು ಪಾಸಿಟಿವ್ ಕೊಡುತ್ತೆ. ಎರಡನೇ ಹಂತದಲ್ಲಿ ಅದು ಬಿದ್ದುಹೋಗುತ್ತೆ. ಎಂಜಲಲ್ಲಿ ನೋಡೋದು ಟಿಹೆಚ್‌ಸಿಯನ್ನೇ, ಮಿತಿ ಮೊದಲ ಸ್ಕ್ರೀನ್‌ಗೆ 4, ದೃಢೀಕರಣಕ್ಕೆ 2 ನ್ಯಾನೋಗ್ರಾಂ. ಸಾಮಾನ್ಯವಾಗಿ ಒಂದು ದಿನದ ಆಚೀಚೆ ಮಾತ್ರ ಸಿಗುತ್ತೆ. ಸೇದಿದರಷ್ಟೇ ಅಲ್ಲ, ಗಮ್ಮಿ ಅಗಿದಾಗಲೂ ಬಾಯಲ್ಲಿ ಉಳಿಯುತ್ತೆ.

ಕಲೆಕ್ಷನ್ ಸೆಂಟರಲ್ಲಿ ಫೋಟೋ ಐಡಿ ತೋರಿಸಿ, ಜೇಬು ಖಾಲಿ ಮಾಡಿ, ಕೈ ತೊಳೆದು ಒಳಗೆ ಹೋಗ್ತೀರಿ. ಕಮೋಡ್ ನೀರು ನೀಲಿ ಬಣ್ಣ ಇರುತ್ತೆ, ಫ್ಲಶ್ ಮಾಡಬಾರದು. ಫೆಡರಲ್ ಟೆಸ್ಟಾದರೆ ಕನಿಷ್ಠ 45 ಮಿಲಿ ಬೇಕು, 30 ಒಂದು ಬಾಟಲಿಗೆ, 15 ಇನ್ನೊಂದಕ್ಕೆ. ಕಪ್ ಮೇಲಿನ ಪಟ್ಟಿಯಲ್ಲಿ 4 ನಿಮಿಷದೊಳಗೆ ಉಷ್ಣತೆ ನೋಡ್ತಾರೆ, 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಸೀಲ್ ಪಟ್ಟಿ ನಿಮ್ಮ ಕಣ್ಣೆದುರೇ ಅಂಟಿಸಬೇಕು, ಅದರ ಮೇಲೆ ನಿಮ್ಮ ಇನಿಶಿಯಲ್ ಹಾಕಿಸಬೇಕು. ಫಾರಂನ ನಂಬರೂ ಬಾಟಲಿ ನಂಬರೂ ಒಂದೇನಾ ಅಂತ ನೋಡಿ ಆಮೇಲೆ ಸಹಿ ಮಾಡಿ. ಫಾರಂನ ನಿಮ್ಮ ಕಾಪಿ ಬಿಸಾಕಬೇಡಿ.

ನೀರು ಕುಡಿದು ತೊಳೆದುಬಿಡ್ತೀನಿ ಅನ್ನೋರಿಗೆ: ಲ್ಯಾಬ್ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗಿ ಇರೋ ಒಂದು ತ್ಯಾಜ್ಯ) ನೋಡುತ್ತೆ. ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದು ಸಾಂದ್ರತೆಯೂ 1.0030ಕ್ಕಿಂತ ಕೆಳಗಿದ್ದರೆ "ಡೈಲ್ಯೂಟ್". ಫೆಡರಲ್ ಟೆಸ್ಟಲ್ಲಿ ನೆಗೆಟಿವ್ ಡೈಲ್ಯೂಟ್ ಬಂದು ಕ್ರಿಯಾಟಿನಿನ್ 2ರಿಂದ 5ರ ಒಳಗಿದ್ದರೆ ಎದುರಿಗೆ ಒಬ್ಬರು ನಿಂತು ನೋಡ್ತಾ ಮತ್ತೆ ಸ್ಯಾಂಪಲ್ ಕೊಡಿಸ್ತಾರೆ. ಬೇರೆಯವರ ಮೂತ್ರ, ಪುಡಿ ಬೆರೆಸೋದು ಸಿಕ್ಕಿಬಿದ್ದರೆ ಅದು ಪಾಸಿಟಿವ್‌ಗಿಂತ ಕೆಟ್ಟದ್ದು, ಟೆಸ್ಟ್ ನಿರಾಕರಿಸಿದ ಲೆಕ್ಕ. 12954 ಗಾಂಜಾ ಮೆಟಬಾಲೈಟನ್ನ ಕಾಪಾಡುತ್ತೆ, ಮೋಸವನ್ನಲ್ಲ.

ಪಾಸಿಟಿವ್ ಬಂದರೆ ಮೆಡಿಕಲ್ ರಿವ್ಯೂ ಆಫೀಸರ್ ಅನ್ನೋ ಡಾಕ್ಟರ್ ಫೋನ್ ಮಾಡ್ತಾರೆ. ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ, ಮಾತಾಡದೇ ಇದ್ದರೂ ಅವರು ರಿಸಲ್ಟ್ ಪಾಸಿಟಿವ್ ಅಂತ ಕಳಿಸಬಹುದು. ಎರಡನೇ ಬಾಟಲಿ ಟೆಸ್ಟ್ ಮಾಡಿಸಿ ಅಂತ ಕೇಳೋಕೆ ಫೆಡರಲ್ ನಿಯಮದಲ್ಲಿ ಅವರು ತಿಳಿಸಿದಾಗಿಂದ 72 ಗಂಟೆ ಟೈಮ್.

ಇನ್ನೊಂದು ನಮ್ಮವರಿಗಾಗೇ: ಗಸಗಸೆ ಪಾಯಸ. ತಮಾಷೆ ಅಲ್ಲ. ಗಸಗಸೆ ಸಿಪ್ಪೆಗೆ ಅಂಟಿರೋ ಮಾರ್ಫೀನ್, ಕೋಡೀನ್ ಮೂತ್ರದಲ್ಲಿ ಕಾಣುತ್ತೆ. ಬ್ರೆಡ್ ಮೇಲೆ ಉದುರಿಸಿದ ಚಿಟಿಕೆಗೂ ಒಂದು ಲೋಟ ಪಾಯಸಕ್ಕೆ ರುಬ್ಬಿ ಹಾಕಿದ್ದಕ್ಕೂ ಅಜಗಜಾಂತರ. ಇವುಗಳ ಫೆಡರಲ್ ಮಿತಿಯನ್ನ 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದ್ದರ ಹಿಂದೆ ಈ ಗಸಗಸೆ ರಗಳೆಯೂ ಇತ್ತು, ಖಾಸಗಿ ಪ್ಯಾನೆಲ್‌ಗಳಲ್ಲಿ 300 ಇನ್ನೂ ಇದೆ. ಟೆಸ್ಟಿಗೆ ಮುಂಚೆ ಮೂರು ದಿನ ಪಾಯಸ, ಗಸಗಸೆ ಹಾಕಿದ ಸಾಗು ಎರಡೂ ಬೇಡ. ಊರಿಂದ ತಂದ ಕೋಡೀನ್ ಕೆಮ್ಮಿನ ಔಷಧಿ ಕುಡೀತಿದ್ದರೆ ಪ್ರಿಸ್ಕ್ರಿಪ್ಷನ್ ಹತ್ತಿರ ಇರಲಿ.

ಸನಿವೇಲ್_ಶಿರಸಿ:

ಇಬ್ಬರಿಗೂ ಧನ್ಯವಾದ. ಹೆಚ್‌ಆರ್ ಉತ್ತರ ಬಂತು: ಮೂತ್ರ, 5-ಪ್ಯಾನೆಲ್, ಟಿಹೆಚ್‌ಸಿ ಸೇರಿ. ಹೆಡ್ ಆಫೀಸ್ ಟೆಕ್ಸಸ್‌ನಲ್ಲಿದೆಯಂತೆ, ಎಲ್ಲ ಆಫೀಸಿಗೂ ಇದೇ ಪ್ಯಾಕೇಜ್ ಅಂತೆ.

ಹೆಚ್‌ಆರ್_ಮೂಲೆ:

ಇದು ಸಾಮಾನ್ಯ ಎಡವಟ್ಟು. ಟೆಸ್ಟಿಂಗ್ ವೆಂಡರ್ ಹತ್ತಿರ ಹಳೆಯ ಪ್ಯಾಕೇಜ್ ಕೋಡ್ ಒಂದು ಇರುತ್ತೆ, ರಾಜ್ಯ ನೋಡದೆ ಅದನ್ನೇ ಒತ್ತುತ್ತಾರೆ. ಟಿಹೆಚ್‌ಸಿ ಬಿಟ್ಟ ಪ್ಯಾನೆಲ್ ಅದೇ ವೆಂಡರ್ ಹತ್ತಿರ ಸಿಗುತ್ತೆ. ಮರು ಮೇಲ್‌ನಲ್ಲಿ "ಕೆಲಸದ ಜಾಗ ಕ್ಯಾಲಿಫೋರ್ನಿಯಾ, ಸೆಕ್ಷನ್ 12954ಕ್ಕೆ ಹೊಂದುವ ಪ್ಯಾನೆಲ್ ಆರ್ಡರ್ ಮಾಡಿ" ಅಂತ ಬರೆಯಿರಿ, ಜಗಳದ ಧಾಟಿ ಬೇಡ. ಬದಲಾಯಿಸದೆ ಟೆಸ್ಟ್ ಮಾಡಿ ಆಫರ್ ಹಿಂತೆಗೆದರೆ ಆ ಮೇಲ್‌ಗಳು, ರಿಪೋರ್ಟ್, ರದ್ದತಿಯ ಪತ್ರ ಇಟ್ಟುಕೊಂಡು ರಾಜ್ಯದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟಿಗೆ ದೂರು ಕೊಡಬಹುದು, 3 ವರ್ಷ ಅವಕಾಶ.

ಅದಕ್ಕಿಂತ ಮುಖ್ಯ: ಎಲ್ಲ ಷರತ್ತು ಕ್ಲಿಯರ್ ಆಯಿತು ಅಂತ ಲಿಖಿತವಾಗಿ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಲೇಬೇಡಿ. ಕೊಟ್ಟು ಆಫರ್ ಕೈತಪ್ಪಿದರೆ ಕೊನೆಯ ದಿನದಿಂದ ಹೆಚ್ಚೆಂದರೆ 60 ದಿನದ ಗ್ರೇಸ್, ಅಂದರೆ ವೀಸಾ ಸ್ಥಿತಿ ಉಳಿಯುವ ಕಾಲಾವಕಾಶ. ದೂರಿನ ಫಲ ಅಷ್ಟರಲ್ಲಿ ಬರಲ್ಲ.

ಫ್ರೀಮಾಂಟ್_ರಾಯರು:

ವೀಸಾ ಬಗ್ಗೆ ಯಾರೂ ಬರೆದಿಲ್ಲ, ಅಸಲು ಅಪಾಯ ಅಲ್ಲೇ ಇರುವುದು.

ರಾಜ್ಯ ಏನೇ ಹೇಳಲಿ, ವಯಸ್ಕರ ಮೋಜಿನ ಬಳಕೆ ಫೆಡರಲ್ ಕಾನೂನಿನಲ್ಲಿ ಅಪರಾಧವೇ, ಇಮಿಗ್ರೇಷನ್ ಪೂರ್ತಿ ಫೆಡರಲ್. ಖಾಸಗಿ ಕಂಪನಿಯ ಟೆಸ್ಟ್ ರಿಪೋರ್ಟ್ ತಾನಾಗಿ ಯುಎಸ್‌ಸಿಐಎಸ್‌ಗೆ (ಫೆಡರಲ್ ಇಮಿಗ್ರೇಷನ್ ಇಲಾಖೆ) ಹೋಗುವುದಿಲ್ಲ, ಹೆಚ್-1ಬಿ ಟ್ರಾನ್ಸ್‌ಫರ್‌ಗೆ ಡ್ರಗ್ ಟೆಸ್ಟೂ ಇಲ್ಲ. ತೊಂದರೆ ಬರುವುದು ಬಾಯಿಂದ. ಸಿಟಿಜನ್ ಅಲ್ಲದವರ ವಿಷಯದಲ್ಲಿ ಶಿಕ್ಷೆ ಆಗಿರಬೇಕು ಅಂತಲೂ ಇಲ್ಲ, ಅಪರಾಧದ ಮೂಲ ಅಂಶಗಳನ್ನು ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಲು ಸಾಕು. ವಿಮಾನ ನಿಲ್ದಾಣದಲ್ಲಿ ಫೋನಿನಲ್ಲಿರುವ ಫೋಟೋ, ಬ್ಯಾಗಿನಲ್ಲಿ ಮರೆತ ಗಮ್ಮಿ ಡಬ್ಬಿ, ಅಲ್ಲಿಂದ ಪ್ರಶ್ನೆ ಶುರು. ಬೆಂಗಳೂರಿಗೆ ಹೊರಟಾಗ ಆ ಡಬ್ಬಿ ಸೂಟ್‌ಕೇಸಲ್ಲಿ ಉಳಿದರೆ ಆ ತುದಿಯಲ್ಲಿ ಭಾರತದ ಮಾದಕ ವಸ್ತು ಕಾನೂನು, 1985ರ ಎನ್‌ಡಿಪಿಎಸ್ ಕಾಯ್ದೆ, ಕಾಯುತ್ತಿರುತ್ತೆ.

ಗ್ರೀನ್ ಕಾರ್ಡ್ ಹಂತದಲ್ಲಿ ಐ-693 ಎಂಬ ಫಾರಂನ ವೈದ್ಯಕೀಯ ತಪಾಸಣೆ ಇದೆ. 2024ರ ಡಿಸೆಂಬರ್ 2ರಿಂದ ಅದನ್ನು ಗ್ರೀನ್ ಕಾರ್ಡ್ ಅರ್ಜಿಯಾದ ಐ-485 ಜೊತೆಗೇ ಹಾಕಬೇಕು. ಸಿವಿಲ್ ಸರ್ಜನ್ (ಈ ತಪಾಸಣೆಗೆ ಯುಎಸ್‌ಸಿಐಎಸ್ ಗೊತ್ತುಮಾಡಿದ ವೈದ್ಯರು) ಮಾದಕ ವಸ್ತುಗಳ ಬಗ್ಗೆ ಕೇಳುತ್ತಾರೆ. ದುರ್ಬಳಕೆ ಅಂತ ಬರೆದರೆ ಕ್ಲಾಸ್ ಎ, ಅಂದರೆ ಗ್ರೀನ್ ಕಾರ್ಡ್ ತಡೆಯುವ ದರ್ಜೆ, ಅದರಿಂದ ಹೊರಬರಲು 12 ತಿಂಗಳು ಬಳಸದೇ ಇದ್ದ ದಾಖಲೆ ಬೇಕಾಗುತ್ತದೆ. ಹಾಗಂತ ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ಉರುಳು: ತಪ್ಪು ಮಾಹಿತಿ ಕೊಟ್ಟ ಆರೋಪ ಬಂದರೆ ಜೀವನಪೂರ್ತಿ ತಡೆ. ಇದಕ್ಕೆ ಗ್ರೂಪಿನ ಸಲಹೆ ಸಾಲದು. ಮೆಡಿಕಲ್ ಅಪಾಯಿಂಟ್‌ಮೆಂಟಿಗೆ ಮುಂಚೆ ನಿಮ್ಮದೇ ಇಮಿಗ್ರೇಷನ್ ವಕೀಲರನ್ನು ಕಾಣಿ. ಕಂಪನಿಯ ವಕೀಲರು ಕಂಪನಿಯ ಪರವಾಗಿಯೂ ಇರುತ್ತಾರೆ, ಅವರ ಮುಂದೆ ಇದನ್ನು ಬಿಚ್ಚಬೇಡಿ.

ಸಿಟಿಜನ್‌ಶಿಪ್‌ಗೂ ಇದೇ ಬಾಧೆ. ರಾಜ್ಯದಲ್ಲಿ ಲೀಗಲ್ ಆಗಿದ್ದರೂ ಗಾಂಜಾ ಚಟುವಟಿಕೆ "ಸನ್ನಡತೆ"ಗೆ ಅಡ್ಡಿಯಾಗಬಹುದು ಅಂತ 2019ರ ಏಪ್ರಿಲ್‌ನಲ್ಲೇ ಯುಎಸ್‌ಸಿಐಎಸ್ ನೀತಿ ಹೊರಡಿಸಿತು. ಅದರಲ್ಲಿ ಗಾಂಜಾ ಉದ್ಯಮದ ನೌಕರಿಯನ್ನೂ ಸೇರಿಸಿದ್ದಾರೆ. ಹಾಗಾಗಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸ್ಟಾರ್ಟಪ್‌ನಿಂದ ಆಫರ್ ಬಂದವರೂ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ.

ಲ್ಯಾಬ್_ಗೌಡ:

ರಾಯರು ಹೇಳಿದ್ದಕ್ಕೆ ಸೇರಿಸಿ: ಇದನ್ನ ಓದೋರಲ್ಲಿ ಟ್ರಕ್ ಓಡಿಸೋರಿದ್ದರೆ ಮೇಲಿನ ಕ್ಯಾಲಿಫೋರ್ನಿಯಾ ಸಮಾಧಾನ ನಿಮಗಲ್ಲ. ನಿಮ್ಮದು ಸಾರಿಗೆ ಇಲಾಖೆಯ ಫೆಡರಲ್ ಟೆಸ್ಟು. ಪಾಸಿಟಿವ್ ಆದರೆ ಕ್ಲಿಯರಿಂಗ್‌ಹೌಸಲ್ಲಿ (ಡ್ರೈವರ್‌ಗಳ ಡ್ರಗ್ ಟೆಸ್ಟ್ ದಾಖಲೆಯ ಫೆಡರಲ್ ಡೇಟಾಬೇಸ್) ಏರುತ್ತೆ, 2024ರ ನವೆಂಬರ್ 18ರಿಂದ ಕಮರ್ಷಿಯಲ್ ಲೈಸೆನ್ಸೂ ಇಳಿಸ್ತಾರೆ. ಮತ್ತೆ ಸ್ಟೀರಿಂಗ್ ಹಿಡಿಯೋಕೆ ನಿಗದಿತ ತಜ್ಞರ ಮೌಲ್ಯಮಾಪನ, ನೆಗೆಟಿವ್ ಟೆಸ್ಟು, ಆಮೇಲೆ ಮೊದಲ 12 ತಿಂಗಳಲ್ಲಿ ಹೇಳದೆ ಕೇಳದೆ ಕನಿಷ್ಠ 6 ಟೆಸ್ಟು. ಸಿಬಿಡಿ ಎಣ್ಣೆಯಿಂದ (ಗಾಂಜಾ ಗಿಡದ, ನಶೆ ತರದ ಅಂಶದ ಎಣ್ಣೆ) ಬಂತು ಅಂದರೂ ಒಪ್ಪಲ್ಲ, ಲೇಬಲ್ ಮೇಲೆ ಟಿಹೆಚ್‌ಸಿ ಸೊನ್ನೆ ಅಂತಿದ್ದರೂ ಅಷ್ಟೇ. ಶಿವರಾತ್ರಿಯ ಭಂಗಿ, ವಿಜಯಾ ಸೇರಿದ ಆಯುರ್ವೇದ ಚೂರ್ಣ ಇವೂ ಅದೇ ಗಿಡ, ಲ್ಯಾಬಿಗೆ ಅದೇ ರಿಸಲ್ಟು.