ಮಳೆ ನಿಂತ ಮೇಲೆ ಕಾಲೇಜು ಆವರಣದಲ್ಲಿ ಯಾವ ಕೆಲಸ ಮೊದಲು?

ಹಸಿರಂಗಳ_ಮೈಸೂರು:

ಪದವಿ ಕಾಲೇಜೊಂದರ ತೋಟದ ತಂಡಕ್ಕೆ ಅಕ್ಟೋಬರ್–ನವೆಂಬರ್ ಕೆಲಸದ ಪಟ್ಟಿ ಮಾಡಬೇಕಿದೆ. ಜಾಗ ಸುಮಾರು 6 ಎಕರೆ. ಆಳು ಐದೇ: ಮೂವರು ಗಂಡಸರು, ಇಬ್ಬರು ಹೆಂಗಸರು. ಕೆಮ್ಮಣ್ಣು, ಕಟ್ಟಡದ ಸುತ್ತ ಮೊರಂ ತುಂಬಿಸಿದ ನೆಲ. ಹಸ್ತ ಮಳೆ ಚೆನ್ನಾಗಿಯೇ ಆಯಿತು, ಚಿತ್ತೆ ಬಿಟ್ಟು ಬಿಟ್ಟು ಹನಿಯುತ್ತಿದೆ. ಎಲ್ಲ ಕಡೆ ಕಳೆ ಮೊಣಕಾಲುದ್ದ.

ಕಚೇರಿ ಮುಂದೆ 8,000 ಚದರಡಿ ಲಾನ್ ಇದೆ, ಮೆಕ್ಸಿಕನ್ ಹುಲ್ಲು. ಅದರಲ್ಲಿ ಊಟದ ತಟ್ಟೆಯಗಲದ ಕಂದು ಮಚ್ಚೆಗಳು ಎದ್ದಿವೆ, ಜೊತೆಗೆ ಜೇಕು ಕಳೆ ಹಬ್ಬಿದೆ. ಗುಲಾಬಿ ಸಾಲು ಎರಡು ವರ್ಷದಿಂದ ಕತ್ತರಿ ಕಂಡಿಲ್ಲ. ಜನವರಿ 26ಕ್ಕೆ ಧ್ವಜಕಟ್ಟೆ ಸುತ್ತ ಹೂವು ಇರಲೇಬೇಕು ಅನ್ನೋದು ಪ್ರಾಂಶುಪಾಲರ ಅಪ್ಪಣೆ. ತರಗೆಲೆಯನ್ನು ಹಿಂದೆಲ್ಲ ಹಾಸ್ಟೆಲ್ ಹಿಂದೆ ಸುಡುತ್ತಿದ್ದರು, ಈಗ ನಿಲ್ಲಿಸಿದ್ದೇವೆ, ಎಲ್ಲಿ ಹಾಕೋದು ಗೊತ್ತಾಗುತ್ತಿಲ್ಲ. ಸೈಕಲ್ ಸ್ಟ್ಯಾಂಡ್ ಮೇಲೆ ಗುಲ್‌ಮೊಹರ್ ಕೊಂಬೆಯೊಂದು ಬಾಗಿ ನಿಂತಿದೆ. ಎಲ್ಲವೂ ತುರ್ತು ಅನ್ನಿಸುತ್ತದೆ. ಯಾವುದರಿಂದ ಶುರು ಮಾಡಲಿ?

---

ಕೆಮ್ಮಣ್ಣು:

ಕೊಂಬೆಯನ್ನು ಮೊದಲು ನೋಡಿ, ಅದು ಜನರ ತಲೆಯ ಪ್ರಶ್ನೆ. ಇವತ್ತೇ ಅದರ ಕೆಳಗೆ ಹಗ್ಗ ಕಟ್ಟಿ ಸೈಕಲ್ ನಿಲ್ಲಿಸುವುದನ್ನು ತಡೆಯಿರಿ. ಉಳಿದದ್ದಕ್ಕೆಲ್ಲ ಒಂದೇ ಲೆಕ್ಕ: ಮಣ್ಣಿನಲ್ಲಿ ಹದ ಇರುವಾಗಲೇ ಆಗಬೇಕಾದ ಕೆಲಸ ಯಾವುದು, ಹದ ಆರಿದ ಮೇಲೂ ಆಗುವ ಕೆಲಸ ಯಾವುದು.

ಇಂಗ್ಲಿಷ್ ಪುಸ್ತಕ ನೋಡಿ ಪಟ್ಟಿ ಮಾಡುವವರು ಶರತ್ಕಾಲ ಅಂದರೆ ಎಲೆ ಗುಡಿಸುವ ಕಾಲ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಮಳೆಮರ, ತೇಗ, ಕಾಡುಬಾದಾಮಿ ಎಲ್ಲ ಸುರಿಯುವುದು ಸಂಕ್ರಾಂತಿಯ ಆಚೀಚೆ, ಶಿಶಿರದಲ್ಲಿ. ಈಗ ನೆಲ ಮೆತ್ತಗಿದೆ, ಅದೇ ನಿಮ್ಮ ಬಂಡವಾಳ. ಸ್ವಾತಿ ಮಳೆ ಕಳೆದು ಎರಡು ವಾರ ಬಿಸಿಲು ಕಾಯಿತೆಂದರೆ ಮೊರಂ ನೆಲಕ್ಕೆ ಹಾರೆ ಹಾಕಿದರೂ ಕಿಡಿ ಹಾರುತ್ತದೆ. ಹಾಗಾಗಿ ಬೇರು ಸಮೇತ ಕಳೆ ಕೀಳುವುದು, ಪಾತಿ ಅಗೆಯುವುದು, ಗುಂಡಿ ತೋಡುವುದು ಈಗ. ಬೇಲಿ ಗಿಡ ಕತ್ತರಿಸುವುದು, ಕುಂಡಕ್ಕೆ ಬಣ್ಣ, ಇಟ್ಟಿಗೆ ಅಂಚು ಇವೆಲ್ಲ ಡಿಸೆಂಬರ್‌ಗೆ ಬಿಡಿ.

ಕಳೆಯಲ್ಲೂ ಸರದಿ ಇದೆ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಬೇಕು. ಹೂ ಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಬೀಜ ಉಳಿಯುತ್ತದೆ. ಬ್ರಷ್ ಕಟರ್‌ನಲ್ಲಿ ಸವರಿದರೆ ಬುಡದಿಂದ ನಾಲ್ಕು ಕವಲೊಡೆದು ಮತ್ತೆ ಹೂ ಬಿಡುತ್ತದೆ, ಪೆಟ್ರೋಲ್ ದಂಡ. ಜೇಕು ಹಾಗಲ್ಲ. ಕೈಯಲ್ಲಿ ಎಳೆದರೆ ಎಲೆ ಮಾತ್ರ ಬರುತ್ತದೆ, ಕಪ್ಪು ಗಡ್ಡೆ ಕೆಳಗೇ ಉಳಿದು ವಾರದಲ್ಲಿ ಹೊಸ ಸುಳಿ ತಳ್ಳುತ್ತದೆ. ಗಡ್ಡೆಗಳು ಸಣ್ಣ ದಾರದಂಥ ಬೇರಿನಲ್ಲಿ ಸರ ಪೋಣಿಸಿದ ಹಾಗೆ ಇರುತ್ತವೆ. ಕವಲುಗುದ್ದಲಿಯನ್ನು ಒಂದು ಗೇಣು ಆಳಕ್ಕೆ ಇಳಿಸಿ, ಮಣ್ಣು ಸಡಿಲಿಸಿ, ಸರ ಕಡಿಯದಂತೆ ಮೇಲೆತ್ತಬೇಕು. ಹಸಿ ನೆಲದಲ್ಲಿ ಮಾತ್ರ ಇದು ಸಾಧ್ಯ. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೂರು ವಾರ ಬಿಟ್ಟು ಅದೇ ಜಾಗಕ್ಕೆ ಮತ್ತೆ ಬನ್ನಿ.

ಕಳೆ ತೆಗೆದ ಪಾತಿಯನ್ನು ಬರಿದಾಗಿ ಬಿಡಬೇಡಿ. ಅದೇ ವಾರ 3 ಇಂಚು ತರಗು ಹೊದಿಸಿ. ಒಣಗಿದ ನೆಲಕ್ಕೆ ಹೊದಿಸಿದರೆ ಸಣ್ಣ ಮಳೆಯೆಲ್ಲ ತರಗಿನಲ್ಲೇ ಆರಿಹೋಗುತ್ತದೆ, ಒಳಗಿನ ಮಣ್ಣು ನೆನೆಯುವುದೇ ಇಲ್ಲ. ಗಿಡದ ಬುಡಕ್ಕೆ ಮಾತ್ರ ತಾಗಿಸಬೇಡಿ, ನಾಲ್ಕು ಬೆರಳು ಬಿಟ್ಟು ಹಾಕಿ. ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಏರುತ್ತದೆ.

---

ಗರಿಕೆ_ಲಾನ್:

ಲಾನ್ ಮಚ್ಚೆಗೆ ಔಷಧಿ ತರುವ ಮೊದಲು ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ನೋಡಿ. ಚಾಪೆ ಎತ್ತಿದ ಹಾಗೆ ಸಲೀಸಾಗಿ ಬಂದರೆ ಬೇರು ಇಲ್ಲ, ಗೊಣ್ಣೆ ಹುಳು ತಿಂದಿದೆ. ಮಚ್ಚೆಯ ಅಂಚಿನಲ್ಲಿ ಒಂದಡಿ ಚೌಕ, ನಾಲ್ಕು ಇಂಚು ಆಳ ಅಗೆಯಿರಿ. ಬೆಳ್ಳಗೆ, ಕಂದು ತಲೆಯ, ಅರ್ಧಚಂದ್ರದಂತೆ ಮುದುಡಿದ ಹುಳು ಐದಕ್ಕಿಂತ ಹೆಚ್ಚಿದ್ದರೆ ಅದೇ ಕಾರಣ. ಬೆಳ್ಳಕ್ಕಿ, ಗೊರವಂಕ ಬೆಳಗ್ಗೆ ಒಂದೇ ಜಾಗ ಕುಕ್ಕುತ್ತಿದ್ದರೂ ಅದೇ ಸುಳಿವು. ಆದರೆ ಈಗ ಹುಳು ಪೂರ್ತಿ ಬಲಿತಿದೆ, ಕೋಶವಾಗಲು ಕೆಳಗಿಳಿಯುತ್ತಿದೆ, ಔಷಧಿ ಸುರಿದರೂ ತಾಗುವುದು ಕಷ್ಟ. ಮಚ್ಚೆ ಜಾಗ ಅಗೆದು ಕೈಯಲ್ಲಿ ಆರಿಸಿ, ಹಕ್ಕಿಗೆ ಒಂದು ದಿನ ಬಿಟ್ಟು, ಹೊಸ ಹುಲ್ಲು ಕೂರಿಸಿ. ನಿಜವಾದ ಚಿಕಿತ್ಸೆ ಮುಂದಿನ ಮುಂಗಾರಿನಲ್ಲಿ: ಮೊದಲ ಮಳೆಗೆ ದುಂಬಿ ಎದ್ದು ಬೇವಿನ ಮರಕ್ಕೆ ಮುತ್ತಿದಾಗ ರಾತ್ರಿ ಕೊಂಬೆ ಅಲ್ಲಾಡಿಸಿ ಆರಿಸುವುದು, ಮರಿಹುಳು ಸಣ್ಣದಿರುವ ಜೂನ್–ಜುಲೈನಲ್ಲಿ ಹುಳುವನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಗೊಬ್ಬರದಲ್ಲಿ ಬೆರೆಸಿ ಎರಚುವುದು.

ಬೇರು ಗಟ್ಟಿ ಇದ್ದು ಮಚ್ಚೆ ದುಂಡಗಿದ್ದರೆ, ಬೆಳಗಿನ ಇಬ್ಬನಿಯಲ್ಲಿ ಅಂಚು ಹೊಗೆ ಬಣ್ಣ ಕಂಡರೆ, ಅದು ಬೂಷ್ಟು ರೋಗ. ಸಂಜೆ ನೀರು ಬಿಡುವುದು ನಿಲ್ಲಿಸಿ, ಆ ಭಾಗಕ್ಕೆ ಯೂರಿಯಾ ಹಾಕಬೇಡಿ. ಅರ್ಧ ವಾಸಿ ಅಲ್ಲೇ ಆಗುತ್ತದೆ.

ಮಳೆಗಾಲವಿಡೀ ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಮುಳ್ಳುಗುದ್ದಲಿಯಲ್ಲಿ ನಾಲ್ಕು ಇಂಚಿಗೊಂದರಂತೆ, ನಾಲ್ಕು ಇಂಚು ಆಳ ಚುಚ್ಚಿ. ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಮಿಶ್ರಣ: ಜರಡಿ ಹಿಡಿದ ಕೆಮ್ಮಣ್ಣು, ತೊಳೆದ ಮರಳು, ಕಳಿತ ಗೊಬ್ಬರ ಸಮಪಾಲು. 8,000 ಚದರಡಿಗೆ 130 ಘನ ಅಡಿ ಬೇಕು, ಅಂದರೆ 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರ್‌ನಲ್ಲಿ ಒಂದೂಕಾಲು ಲೋಡ್. ತೊಳೆಯದ ಎಂ-ಸ್ಯಾಂಡ್ ಬೇಡವೇ ಬೇಡ. ಅದರ ಧೂಳು ನೀರು ಕುಡಿದು ಹೆಪ್ಪುಗಟ್ಟಿ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ, ಚುಚ್ಚಿದ ತೂತೆಲ್ಲ ಮುಚ್ಚಿಹೋಗುತ್ತದೆ. ಮಿಶ್ರಣ ಹಾಕಿ ಗುಡಿಸಿದ ಮೇಲೆ ಹುಲ್ಲಿನ ತುದಿ ಕಾಣುತ್ತಿರಬೇಕು. ಯೂರಿಯಾ 1,000 ಚದರಡಿಗೆ 1 ಕೆಜಿ, ಒಣ ಮರಳಲ್ಲಿ ಬೆರೆಸಿ ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ ಎರಚಿ, ಕೂಡಲೇ ನೀರು. ಇದೆಲ್ಲ ಅಕ್ಟೋಬರ್ ಒಳಗೆ ಮುಗಿಯಲಿ. ಚಳಿ ಬಿದ್ದ ಮೇಲೆ ಹುಲ್ಲಿನ ಬೆಳವಣಿಗೆ ಮಂದ, ಗಾಯ ಮಾಯಲು ಫೆಬ್ರವರಿ ಬರಬೇಕು.

---

ಎರಿಹೊಲ_ಧಾರವಾಡ:

ಕೆಮ್ಮಣ್ಣಿಗೆ ಹೇಳಿದ್ದು ಸರಿ ಅದ. ಆದ್ರ ಎರಿ, ಅಂದ್ರ ಕರಿ ಮಣ್ಣಿನವ್ರು ಇದನ್ನ ಹಂಗ ಮಾಡಬ್ಯಾಡ್ರಿ. ಹಸಿ ಎರಿಯೊಳಗ ಕಾಲಿಟ್ಟು ಅಗದ್ರ ಹೆಂಟಿ ಆಗಿ ಬ್ಯಾಸಗಿ ತನಕ ಒಡಿಯಂಗಿಲ್ಲ. ಮಣ್ಣು ಮುಟಗಿ ಕಟ್ಟಿ ಸೊಂಟದೆತ್ತರದಿಂದ ಬಿಡ್ರಿ, ಪುಡಿ ಆದ್ರ ಮಾತ್ರ ಕೆಲಸಕ್ಕ ಇಳೀರಿ.

ಇನ್ನೊಂದು. ಲಾನಿಗೆ ಕೆರಿ ಗೋಡು ತರಸೋ ವಿಚಾರ ಯಾರರ ಹೇಳಿದ್ರ ಒಪ್ಪಬ್ಯಾಡ್ರಿ. ಅಗ್ಗ ಸಿಗತದ ಖರೆ, ಲೋಡಿನ ಜೋಡಿ ಜೇಕಿನ ಗಡ್ಡಿನೂ ಬರತಾವ. ಹೊರಗಿನ ತಿಪ್ಪಿ ಗೊಬ್ಬರ ತಂದ್ರ ಒಂದು ಬುಟ್ಟಿ ತಗೊಂಡು ನೀರು ಹಾಕಿ ಹದಿನೈದು ದಿನ ಇಟ್ಟು ನೋಡ್ರಿ, ಏನೇನು ಮೊಳಿತದ ಅಂತ ಗೊತ್ತಾಗತದ.

---

ಹಸಿರಂಗಳ_ಮೈಸೂರು:

ಎಳೆದು ನೋಡಿದೆ, ಚಾಪೆ ಥರವೇ ಎದ್ದು ಬಂತು. ಗೊಣ್ಣೆ ಹುಳುವೇ. ಹೂವಿನ ದಿನಾಂಕದ ಲೆಕ್ಕ, ಗುಲಾಬಿ, ತರಗಿನ ಗುಂಡಿ ಬಗ್ಗೆಯೂ ತಿಳಿದವರು ಹೇಳಿ. ಕೆರೆ ಗೋಡಿನ ಮಾತು ನಮ್ಮಲ್ಲೂ ನಡೆದಿತ್ತು, ಕೈಬಿಟ್ಟೆವು.

---

ಸಸಿಮಡಿ:

ಜನವರಿ 26ರಿಂದ ಹಿಂದಕ್ಕೆ ಎಣಿಸಿ. ಪೆಟೂನಿಯಾ ಬಿತ್ತಿದ್ದರಿಂದ ತುಂಬು ಹೂವಿಗೆ ಸುಮಾರು 100 ದಿನ, ಹಾಗಾಗಿ ಅಕ್ಟೋಬರ್ ಮೂರನೇ ವಾರ ದಾಟಬಾರದು. ಸಾಲ್ವಿಯಾ 90 ದಿನದ ಹತ್ತಿರ. ದೊಡ್ಡ ಚೆಂಡುಹೂವಿಗೆ 65 ದಿನ ಸಾಕು, ನವೆಂಬರ್ ನಡುವೆ ಬಿತ್ತಿ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಚೆಂಡು ಹೊಸ ವರ್ಷಕ್ಕೇ ಅರಳಿ 26ಕ್ಕೆ ಕಪ್ಪಾಗಿರುತ್ತದೆ.

ಮಡಿ ಮೂರಡಿ ಅಗಲ, ಅರ್ಧ ಅಡಿ ಎತ್ತರ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣ, ನಯವಾದ ಮರಳಲ್ಲಿ ಬೆರೆಸಿ ಎರಚಿ, ಮೇಲೆ ಮಣ್ಣು ಮುಚ್ಚಬೇಡಿ. ಅದಕ್ಕೆ ಟ್ರೇ ಒಳ್ಳೆಯದು, ಅಡಿಯಿಂದ ನೀರು ಹೀರಿಸಬಹುದು. ಚಿತ್ತೆ ಮಳೆಯ ಹೊಡೆತಕ್ಕೆ ಮೇಲೆ ಪ್ಲಾಸ್ಟಿಕ್ ಕಮಾನು ಬೇಕು, ಬದಿ ತೆರೆದಿರಲಿ. ಸಸಿ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿದರೆ ಸಸಿ ಕೊಳೆ ರೋಗ: ನೀರು ಹೆಚ್ಚಾಯಿತು, ಒತ್ತೊತ್ತಾಗಿ ಬಿತ್ತಿದಿರಿ, ಎರಡರಲ್ಲೊಂದು. ಬಿತ್ತುವ ಮೊದಲೇ ಮಡಿಗೆ ಟ್ರೈಕೋಡರ್ಮ (ಕೊಳೆ ರೋಗ ತಡೆಯುವ ಶಿಲೀಂಧ್ರ) ಬೆರೆಸಿದ ಗೊಬ್ಬರ ಹಾಕುವುದು ಕ್ಷೇಮ. ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ನಾಟಿ.

ಸೇವಂತಿಗೆ ಕುಂಡ ಇದ್ದರೆ ಒಂದು ಮಾತು. ಕಾರಿಡಾರ್ ದೀಪ ರಾತ್ರಿಯಿಡೀ ಉರಿಯುವ ಕಡೆ ಇಡಬೇಡಿ. ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ದೀಪದ ಕೆಳಗಿನ ಕುಂಡ ಬರೀ ಎಲೆ ಬಿಟ್ಟುಕೊಂಡು ನಿಂತಿರುತ್ತದೆ, ಜನ ಗೊಬ್ಬರ ಸಾಲದು ಅಂದುಕೊಳ್ಳುತ್ತಾರೆ.

ಗುಲಾಬಿಯನ್ನು ಎರಡು ದಿನ ಬಿಸಿಲಿರುವ ಹೊತ್ತು ನೋಡಿ ಕತ್ತರಿಸಿ. ನೆಲದಿಂದ ಒಂದೂವರೆ ಅಡಿಗೆ, ಹೊರಮುಖದ ಕಣ್ಣಿನ ಕಾಲಿಂಚು ಮೇಲೆ, ಓರೆಯಾಗಿ. ಒಣ ಕಡ್ಡಿ, ಒಳಗೆ ಹೆಣೆದುಕೊಂಡದ್ದು ಪೂರ್ತಿ ತೆಗೆಯಿರಿ. ಕತ್ತರಿಸಿದ ತುದಿಗೆ ಅಂದೇ ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು. ಮಳೆಯಲ್ಲಿ ಕತ್ತರಿಸಿ ಹಾಗೇ ಬಿಟ್ಟರೆ ತುದಿಯಿಂದ ಕಪ್ಪಾಗಿ ಕೆಳಗಿಳಿಯುತ್ತದೆ. ಆರೇಳು ವಾರಕ್ಕೆ ಹೂವು. 26ಕ್ಕೇ ಬೇಕಿದ್ದರೆ ಅರ್ಧ ಸಾಲನ್ನು ಡಿಸೆಂಬರ್ ಮೊದಲ ವಾರಕ್ಕೆ ಉಳಿಸಿ.

---

ಕೆಮ್ಮಣ್ಣು:

ಒಣ ಕಡ್ಡಿಯನ್ನು ಈಗಲೇ ತೆಗೆಯಿರಿ, ಇಡೀ ಸಾಲಿನಲ್ಲಿ. ಹಸಿ ಕಡ್ಡಿ ಕತ್ತರಿಸುವುದನ್ನು ಮಾತ್ರ ಎರಡು ಕಂತು ಮಾಡಿ.

ತರಗಿಗೆ ಗುಂಡಿಗಿಂತ ಕೋಳಿ ಬಲೆಯ ಪಂಜರ ಮೇಲು, ಮಳೆ ನೀರು ನಿಲ್ಲುವುದಿಲ್ಲ. 4 ಅಡಿ ಚೌಕ, 4 ಅಡಿ ಎತ್ತರ. ಒಂದಡಿ ತರಗು ತುಳಿದು, ಎರಡು ಇಂಚು ಲಾನ್‌ನ ಹಸಿ ಹುಲ್ಲು, ಮೇಲೆ ಸಗಣಿ ಬಗ್ಗಡ, ಒಂದು ಬಾಂಡ್ಲಿ ಹಳೇ ಗೊಬ್ಬರ. ಹೀಗೇ ಪದರ. ಹಸಿ ಹುಲ್ಲು ದಪ್ಪ ಹಾಕಿದರೆ ಲೋಳೆಯಾಗಿ ನಾರುತ್ತದೆ, ಒಣಗಲು ಬಿಟ್ಟರೆ ಗೆದ್ದಲು ಬರುತ್ತದೆ. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ಒದ್ದೆ ಇರಲಿ. ಮೂರು ವಾರಕ್ಕೊಮ್ಮೆ ಮಗುಚಿದರೆ ನಾಲ್ಕು ತಿಂಗಳಲ್ಲಿ ಕಳಿಯುತ್ತದೆ. ಅಕೇಶಿಯಾ, ನೀಲಗಿರಿ ಎಲೆ ಬೇಗ ಕಳಿಯುವುದಿಲ್ಲ, ಅದಕ್ಕೆ ಬೇರೆ ಪಂಜರ ಮಾಡಿ. ಮಗುಚುವಾಗ ಹೆಬ್ಬೆರಳು ಗಾತ್ರದ ಗೊಣ್ಣೆ ಸಿಕ್ಕರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯದ್ದಿರಬಹುದು. ಆವರಣದಲ್ಲಿ ತೆಂಗು ಇದ್ದರೆ ಬಿಡದೆ ಆರಿಸಿ. ಎಲೆ ಸುರಿಯುವ ಮೊದಲೇ ನಾಲ್ಕೈದು ಪಂಜರ ನಿಲ್ಲಿಸಿಡಿ.

ಗುಲ್‌ಮೊಹರ್ ಕೊಂಬೆ ತೆಗೆಸಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಹಾಕಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬೆ ಸವರುವುದೂ ಮರ ಕಡಿಯುವುದರ ವ್ಯಾಖ್ಯೆಯೊಳಗೇ ಬರುತ್ತದೆ. ಅಪಾಯದ ಫೋಟೊ ಲಗತ್ತಿಸಿ. ಕತ್ತರಿಸುವವರಿಗೆ ಹೇಳಿ: ಕಾಂಡದಿಂದ ಒಂದಡಿ ಆಚೆ ಅಡಿಯಿಂದ ಮೂರನೇ ಒಂದು ಭಾಗ ಕೊಯ್ದು, ಅದರಿಂದ ಎರಡು ಇಂಚು ಹೊರಗೆ ಮೇಲಿನಿಂದ ಕೊಯ್ದು ಉರುಳಿಸಿ, ಕೊನೆಗೆ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಅಂಚಿಗೆ ತೆಗೆಯಬೇಕು. ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಕೊಂಬೆ ಜಗ್ಗಿ ಕಾಂಡದ ಸಿಪ್ಪೆಯನ್ನು ಮಾರುದ್ದ ಸುಲಿದುಕೊಂಡು ಬೀಳುತ್ತದೆ.

---

ಗರಿಕೆ_ಲಾನ್:

ಸಿಪ್ಪೆ ಅಂದಾಗ ನೆನಪಾಯಿತು. ಬ್ರಷ್ ಕಟರ್ ಹಿಡಿಯುವವರಿಗೆ ಹೊಸ ಸಸಿಗಳ ಸುತ್ತ ಒಂದೂವರೆ ಅಡಿ ಕೈಯಲ್ಲೇ ಕಳೆ ತೆಗೆಯಲು ಹೇಳಿ. ನೈಲಾನ್ ದಾರ ಬುಡಕ್ಕೆ ಒಂದು ಸುತ್ತು ತಾಗಿದರೆ ಸಿಪ್ಪೆ ಉಂಗುರದಂತೆ ಹೋಗುತ್ತದೆ. ಆಗ ಏನೂ ಕಾಣುವುದಿಲ್ಲ, ಬೇಸಿಗೆಯಲ್ಲಿ ಗಿಡ ಒಣಗಿದಾಗ ನೀರು ಸಾಲಲಿಲ್ಲ ಅನ್ನುತ್ತಾರೆ. ಮೊಣಕಾಲುದ್ದದ ಕಳೆಗೆ ಇಳಿಯುವಾಗ ಗಂಬೂಟು ಕಡ್ಡಾಯ, ಮೊದಲು ಕೋಲಿನಿಂದ ಬಡಿದು ಹೋಗಲಿ. ಕೊಳಕುಮಂಡಲ ಜಾಗ ಬಿಟ್ಟು ಕದಲುವ ಹಾವಲ್ಲ.