ಫಲಪುಷ್ಪ ಪ್ರದರ್ಶನ ಬರ್ತಿದೆ: ಕ್ರಾಸ್‌ಗಳಲ್ಲಿ ಗಾಡಿ ನಿಲ್ಲಿಸುವ ಸಮಸ್ಯೆಗೆ ಈ ಸಲ ಮೊದಲೇ ಅರ್ಜಿ ಕೊಡೋಣ

ಅಂಗಡಿ ಎದುರು ಮನೆ (ಅಡ್ಮಿನ್)

ಎಲ್ಲರಿಗೂ ನಮಸ್ಕಾರ. ಆಗಸ್ಟ್ 15ರ ಲಾಲ್‌ಬಾಗ್ ಪ್ರದರ್ಶನ ಹತ್ತಿರ ಬಂತು. ಜನವರಿಯ ಪ್ರದರ್ಶನದ ವೇಳೆ ಈ ಗುಂಪಿನಲ್ಲಿ ಎಲ್ಲರೂ ಕೋಪ ಮಾಡಿಕೊಂಡೆವು, ರಾಶಿ ರಾಶಿ ಫೋಟೊ ಹಾಕಿದೆವು. ಹೂವು ಬಾಡಿದ ಮೇಲೆ ಮಾತೂ ನಿಂತುಹೋಯಿತು. ಈ ಸಲ ಹಾಗಾಗಬಾರದು ಅಂತ ಈಗಲೇ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹಿಂದಿನ ಕ್ರಾಸ್‌ನ ಅಜ್ಜಿಯ ವಿಷಯ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಡಯಾಲಿಸಿಸ್‌ಗೆ ಹೊರಡಬೇಕಿತ್ತು. ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು. ಹ್ಯಾಂಡ್‌ಬ್ರೇಕ್ ಹಾಕಿದ್ದರು, ಗಾಜಿನ ಮೇಲೆ ಫೋನ್ ನಂಬರ್ ಇರಲಿಲ್ಲ. ಅಕ್ಕಪಕ್ಕದ ಹುಡುಗರು ಸೇರಿ ತಳ್ಳಿದರೂ ಅಲುಗಾಡಲಿಲ್ಲ. ಕೊನೆಗೆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಿಡಿದುಕೊಂಡು, ಗಾಡಿಗಳ ಸಂದಿಯಲ್ಲಿ ಮೇನ್ ರೋಡ್‌ವರೆಗೆ ಹೊತ್ತು ಆಟೋ ಹತ್ತಿಸಿದರು. ಸಂಜೆ ಕಾರಿನವರು ಬಂದರು. ಕೈಯಲ್ಲಿ ಗುಲಾಬಿ ಸಸಿಯ ಕವರು, ಜೊತೆಯಲ್ಲಿ ಸುಸ್ತಾದ ಮಕ್ಕಳು. "ಸಾರಿ ಆಂಟಿ, ಎಲ್ಲೂ ಜಾಗ ಸಿಗಲಿಲ್ಲ" ಅಂದರು. ಅವರು ಹೇಳಿದ್ದು ಸುಳ್ಳಲ್ಲ.

ಯಾಕೆ ಜಾಗ ಸಿಗೋದಿಲ್ಲ ಅಂದರೆ, ಪ್ರದರ್ಶನದ ದಿನಗಳಲ್ಲಿ ಸಂಚಾರ ಪೊಲೀಸರು ಗಾಡಿ ನಿಲ್ಲಿಸಬಾರದ ರಸ್ತೆಗಳ ಪಟ್ಟಿ ಕೊಡ್ತಾರೆ. ಹಿಂದಿನ ವರ್ಷಗಳ ಪ್ರಕಟಣೆ ತೆಗೆದು ನೋಡಿ. ಮರಿಗೌಡ ರಸ್ತೆ, ಕೆ.ಎಚ್. ರಸ್ತೆ, ಸಿದ್ದಯ್ಯ ರಸ್ತೆ, ಬಿ.ಟಿ.ಎಸ್. ರಸ್ತೆ, ಕೃಂಬಿಗಲ್ ರಸ್ತೆ, ಆ ಕಡೆ ಅಶೋಕ ಪಿಲ್ಲರ್‌ನಿಂದ ಸಿದ್ದಾಪುರ ಜಂಕ್ಷನ್‌ವರೆಗೆ. ಎಲ್ಲವೂ ದೊಡ್ಡ ರಸ್ತೆಗಳೇ. ಆ ಪಟ್ಟಿ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ನಿಮ್ಹಾನ್ಸ್, ಕಿದ್ವಾಯಿ, ಮಕ್ಕಳ ಆಸ್ಪತ್ರೆಗೆ ಹೋಗುವ ಆಂಬ್ಯುಲೆನ್ಸ್‌ಗಳೆಲ್ಲ ಆ ದಾರಿಯಲ್ಲೇ ಹೋಗಬೇಕು. ಆದರೆ ದೊಡ್ಡ ರಸ್ತೆ ಮುಚ್ಚಿದ ಕೂಡಲೇ ಡ್ರೈವರ್ ಕಣ್ಣಿಗೆ ಬೀಳೋದು ಪಕ್ಕದ ಕ್ರಾಸ್. ಪಟ್ಟಿಯಲ್ಲಿ ನಮ್ಮ ಕ್ರಾಸ್‌ಗಳ ಹೆಸರಿಲ್ಲ. ಹಾಗಾಗಿ ಕಟ್ಟೆ ಹಾಕಿದ ನೀರಿನ ಹಾಗೆ ಗಾಡಿಗಳೆಲ್ಲ ಇಲ್ಲಿಗೆ ನುಗ್ತವೆ.

ನನ್ನ ಮಾತು ಇಷ್ಟೇ. ಬಂದವರ ಜೊತೆ ಜಗಳ ಆಡಿ ಏನೂ ಆಗೋದಿಲ್ಲ. ನಮ್ಮ ಕ್ರಾಸ್‌ಗಳ ಹೆಸರೂ ಆ ಪ್ರಕಟಣೆಯಲ್ಲಿ ಬರಬೇಕು, ಮತ್ತು ಅದು ಪ್ರಕಟಣೆ ತಯಾರಾಗುವ ಮೊದಲೇ ಆಗಬೇಕು. ಪ್ರದರ್ಶನ ಶುರುವಾದ ಮೇಲೆ ಠಾಣೆಗೆ ಹೋದರೆ ಅಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ. ಯಾರ‍್ಯಾರು ಜೊತೆಗೆ ಬರ್ತೀರಿ ಹೇಳಿ.

ಮೂಲೆ ಮನೆ, ಮೊದಲ ಮಹಡಿ

ನಾನು ಬರ್ತೀನಿ ಸಾರ್. ಆದರೆ ಅರ್ಜಿ ಕೊಟ್ಟು ಕಾಯ್ತಾ ಕೂತರೆ ಆಗಲ್ಲ. ಕ್ರಾಸ್‌ನ ಎರಡೂ ತುದಿಗೆ ಚೈನ್ ಕಟ್ಟೋಣ. ನಮ್ಮ ಗಾಡಿಗೆ ಸ್ಟಿಕರ್ ಅಂಟಿಸೋಣ, ಸ್ಟಿಕರ್ ಇದ್ದವರಿಗೆ ಮಾತ್ರ ಒಳಗೆ ಬಿಡೋಣ. ಖರ್ಚು ನಾನು ಕೊಡ್ತೀನಿ.

ಅಂಗಡಿ ಎದುರು ಮನೆ (ಅಡ್ಮಿನ್)

ನಿಮ್ಮ ಸಂಕಟ ಅರ್ಥ ಆಗುತ್ತೆ, ಆದರೆ ಚೈನ್ ಬೇಡ. ಅದು ಸಾರ್ವಜನಿಕ ರಸ್ತೆ, ಮುಚ್ಚುವ ಅಧಿಕಾರ ನಮಗಿಲ್ಲ. ರಾತ್ರಿ ಹೊತ್ತು ಆಂಬ್ಯುಲೆನ್ಸ್ ಬಂದು ಬೀಗದ ಕೈ ಯಾರ ಹತ್ತಿರ ಅಂತ ಹುಡುಕುವ ಹಾಗಾದರೆ ಅಜ್ಜಿಗೆ ಆದ ತೊಂದರೆಯನ್ನು ನಾವೇ ಇನ್ನೊಬ್ಬರಿಗೆ ಮಾಡಿದ ಹಾಗಾಗುತ್ತೆ. ಗೇಟಿನ ಮುಂದೆ ಕಲ್ಲು, ಹೂಕುಂಡ ಇಟ್ಟಿರುವವರೂ ದಯವಿಟ್ಟು ತೆಗೀರಿ. ನಾವೇ ರಸ್ತೆ ಹಿಡಿದುಕೊಂಡು ಅರ್ಜಿ ಕೊಟ್ಟರೆ ಅದಕ್ಕೆ ಬೆಲೆ ಇರೋದಿಲ್ಲ.

ಹಿಂದಿನ ಕ್ರಾಸ್, ಬಾಡಿಗೆ ಮನೆ

ಅಣ್ಣ, ಒಂದು ವಿಷಯ ನೇರವಾಗಿ ಹೇಳ್ತೀನಿ. ವರ್ಷವಿಡೀ ನಮ್ಮವರ ಕಾರುಗಳೇ ರಸ್ತೆಯ ಎರಡೂ ಬದಿ ನಿಂತಿರ್ತವೆ. ಕೆಲವರ ಮನೆಯಲ್ಲಿ ಪಾರ್ಕಿಂಗ್ ಜಾಗ ಇದ್ದರೂ ಅಲ್ಲಿ ಹಳೇ ಸಾಮಾನು ತುಂಬಿದ್ದಾರೆ. ಆ ಹತ್ತು-ಹನ್ನೆರಡು ದಿನವಾದರೂ ನಾವು ಒಂದೇ ಬದಿ ನಿಲ್ಲಿಸೋಣ. ಆಗ ಹೊರಗಿನವರಿಗೂ ಹೇಳೋಕೆ ಬಾಯಿ ಬರುತ್ತೆ.

ಇನ್ನೊಂದು. ಜನವರಿಯಲ್ಲಿ ಇಬ್ಬರು ಹುಡುಗರು ಕ್ರಾಸ್ ಬಾಯಲ್ಲಿ ನಿಂತು, ಕೈಬೀಸಿ ಕರೆದು, ಒಂದೊಂದು ಗಾಡಿಗೆ 50 ರೂಪಾಯಿ ಇಸ್ಕೊಳ್ತಿದ್ದರು. ರಸೀದಿ ಇಲ್ಲ, ಬ್ಯಾಡ್ಜ್ ಇಲ್ಲ. ದುಡ್ಡು ಕೊಟ್ಟವರು ಇದು ಅಧಿಕೃತ ಪಾರ್ಕಿಂಗ್ ಅಂದುಕೊಂಡು ಗೇಟಿನ ಮುಂದೇನೇ ಆರಾಮಾಗಿ ಬಿಟ್ಟು ಹೋದರು. ಇದನ್ನೂ ಅರ್ಜಿಯಲ್ಲಿ ಬರೀರಿ.

ಮಾವಿನಮರದ ಮನೆ

ಬರೆಯಲೇಬೇಕು. ನಾನು ಕಣ್ಣಾರೆ ನೋಡಿದ್ದೇನೆ. ಹಾಗೇ ಕಸದ ವಿಷಯ. ಲಾಲ್‌ಬಾಗ್ ಒಳಗೆ ಪ್ಲಾಸ್ಟಿಕ್ ಬಿಡೋದಿಲ್ಲ ಅಂತ ಅದನ್ನೆಲ್ಲ ಹೊರಗೇ ಎಸೀತಾರೆ. ರಾತ್ರಿ ನಮ್ಮ ಚರಂಡಿ ತುಂಬಾ ನೀರಿನ ಬಾಟಲಿ, ಜೋಳ ತಿಂದ ದಿಂಡು. ಸಂಜೆ ಒಂದು ಸಲ ಹೆಚ್ಚುವರಿ ಕಸದ ಗಾಡಿ ಕಳಿಸಿ ಅಂತ ಪಾಲಿಕೆಗೂ ಪತ್ರ ಕೊಡೋಣ.

ಟೀ ಅಂಗಡಿ

ಸಾರ್, ನಾನು ಈ ಗುಂಪಿನಲ್ಲಿ ಜಾಸ್ತಿ ಮಾತಾಡೋದಿಲ್ಲ. ಆ ದಿನಗಳ ವ್ಯಾಪಾರದಲ್ಲೇ ಮಕ್ಕಳ ಫೀಸಿಗೆ ಒಂದಷ್ಟು ಕೂಡಿಡ್ತೀನಿ. ಕಡಲೆಕಾಯಿ ಮಾರುವವರು, ಆಟೋದವರು ಎಲ್ಲರಿಗೂ ಹಾಗೇ. ಗಾಡಿ ಬೇಡ ಅನ್ನಿ, ಒಪ್ಪುತ್ತೀನಿ. ಜನ ಬೇಡ ಅನ್ನೋ ಹಾಗೆ ಬರೀಬೇಡಿ.

ನಿವೃತ್ತ ಮೇಷ್ಟ್ರು, ಕೊನೇ ಮನೆ

ಅಂಗಡಿಯವರ ಮಾತಿಗೆ ನನ್ನ ಪೂರ್ತಿ ಬೆಂಬಲ. ಮಕ್ಕಳೇ, ಲಾಲ್‌ಬಾಗ್ ನಮ್ಮ ಪಾಲಿನ ತೊಂದರೆ ಅಲ್ಲ, ನಮ್ಮ ಪುಣ್ಯ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಅದು. ಈಗ 240 ಎಕರೆ ಇದೆ. ಇಷ್ಟು ಬೆಳೆದ ಊರಿನ ನಡುವೆ ಅಷ್ಟು ಹಸಿರು ಉಳಿದಿರುವುದೇ ದೊಡ್ಡದು. ಯಾವುದೋ ಹಳ್ಳಿಯಿಂದ ಬಸ್ ಹತ್ತಿ ಬಂದು ಗಾಜಿನ ಮನೆ ನೋಡಿ ಬೆರಗಾಗುವ ಮುಖಗಳನ್ನು ನಾನು ವರ್ಷ ವರ್ಷ ನೋಡ್ತೇನೆ. ಅವರನ್ನು ಬರಬೇಡಿ ಅನ್ನೋಕಾಗುತ್ತಾ?

ಆದರೆ ಎಲ್ಲರೂ ಅದೇ ಶನಿವಾರ, ಭಾನುವಾರ, ಆಗಸ್ಟ್ 15ರ ರಜೆಯ ದಿನ ಮಧ್ಯಾಹ್ನವೇ ಬರ್ತಾರೆ. 2022ರ ಆಗಸ್ಟ್ ನೆನಪಿದೆಯಲ್ಲ? ಕೊರೊನಾ ಕಾಲದ ಬಿಡುವಿನ ನಂತರ ಪ್ರದರ್ಶನ, ಅದೂ ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ. ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಒಳಗೆ ಹೋದ ಬಹಳಷ್ಟು ಜನ ಗಾಜಿನ ಮನೆಯ ಸಾಲಿನಲ್ಲೇ ಸುಸ್ತಾಗಿ ವಾಪಸ್ ಬಂದರು. ಪಕ್ಕದ ಬಂಡೆಯನ್ನು ತಿರುಗಿ ನೋಡೋಕೂ ಆಗಲಿಲ್ಲ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಮೇಲೆ ಕೆಂಪೇಗೌಡರ ಗೋಪುರ. ಆ ಬಂಡೆ, ಕೆರೆ, ಬೋನ್ಸಾಯ್ ತೋಟ, ದೊಡ್ಡ ಬೂರುಗದ ಮರ ಎಲ್ಲ ವರ್ಷವಿಡೀ ಇರ್ತವೆ. ಮಕ್ಕಳನ್ನು ಕರ್ಕೊಂಡು ಬರುವವರಿಗೆ ವಾರದ ದಿನ ಬೆಳಗ್ಗೆ ಬನ್ನಿ ಅಂತ ನಾವೇ ಹೇಳಬೇಕು.

ಮೂರನೇ ಮಹಡಿ ಫ್ಲ್ಯಾಟ್

ಮೇಷ್ಟ್ರೇ, ಅದನ್ನು ಕರಪತ್ರ ಮಾಡ್ತೀನಿ. ಡಿಸೈನ್ ನನಗೆ ಬಿಡಿ. ಒಂದು ಬದಿಗೆ ನಕ್ಷೆ. ಲಾಲ್‌ಬಾಗ್‌ಗೆ ನಾಲ್ಕು ದಿಕ್ಕಿಗೂ ಗೇಟ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಶ್ಚಿಮದ ಗೇಟಿನ ಹತ್ತಿರವೇ 2017ರಿಂದ ಮೆಟ್ರೋ ಸ್ಟೇಷನ್ ಇದೆ. ಪ್ರದರ್ಶನದ ವೇಳೆ ವಾಪಸ್ ಹೋಗುವವರಿಗೆ ಅಲ್ಲಿ 30 ರೂಪಾಯಿ ಕಾಗದದ ಟಿಕೆಟ್ ಕೊಟ್ಟಿದ್ದೂ ಉಂಟು. ಕಾರಲ್ಲೇ ಬರಬೇಕು ಅನ್ನುವವರಿಗೆ ಶಾಂತಿನಗರ ಬಸ್ ನಿಲ್ದಾಣದ ಮಹಡಿ ಪಾರ್ಕಿಂಗ್, ಜೆ.ಸಿ. ರಸ್ತೆಯ ಪಾಲಿಕೆ ಪಾರ್ಕಿಂಗ್ ಗುರುತು ಹಾಕ್ತೀನಿ. ಹಿಂದಿನ ಪ್ರಕಟಣೆಗಳಲ್ಲಿ ಇವೆರಡೂ ಇದ್ದವು. ಈ ಸಲದ ಪ್ರಕಟಣೆ ಬಂದ ಮೇಲೆ ತಾಳೆ ನೋಡಿಯೇ ಪ್ರಿಂಟ್ ಹಾಕೋಣ, ತಪ್ಪು ದಾರಿ ತೋರಿಸೋದು ಬೇಡ.

ಮೂಲೆ ಮನೆ, ಮೊದಲ ಮಹಡಿ

ಸರಿ, ಚೈನ್ ಬಿಡ್ತೀನಿ. ಪ್ರಿಂಟಿಂಗ್ ಖರ್ಚು ನನ್ನದು. ಆದರೆ ಶಾಂತಿನಗರದಲ್ಲಿ ಕಾರು ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಮುಖ್ಯ ಗೇಟಿನವರೆಗೆ ಯಾರು ನಡೀತಾರೆ? ಅದಕ್ಕೇ ಅಲ್ವಾ ಎಲ್ಲರೂ ಇಲ್ಲಿಗೆ ನುಗ್ಗೋದು?

ಅಂಗಡಿ ಎದುರು ಮನೆ (ಅಡ್ಮಿನ್)

ಇದು ಒಳ್ಳೆಯ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಶಾಂತಿನಗರದಿಂದ ಗೇಟಿಗೆ ರಜೆಯ ದಿನಗಳಲ್ಲಿ ಚಿಕ್ಕ ಬಸ್ ಓಡಿಸಿ ಅಂತ ಸಾರಿಗೆ ಸಂಸ್ಥೆಗೂ ಒಂದು ಪತ್ರ ಬರೆಯೋಣ. ತೋಟಗಾರಿಕೆ ಇಲಾಖೆಗೂ ಅದರ ಪ್ರತಿ ಹೋಗಲಿ. ಪ್ರದರ್ಶನ ನಡೆಸುವವರೇ ಕೇಳಿದರೆ ತೂಕ ಜಾಸ್ತಿ.

ಅರ್ಜಿಯ ಕರಡು ಹೀಗಿದೆ, ನೋಡಿ ತಿದ್ದಿ:

"ಫಲಪುಷ್ಪ ಪ್ರದರ್ಶನಕ್ಕೆ ಬರುವ ಜನರನ್ನು ನಾವು ಸಂತೋಷದಿಂದ ಸ್ವಾಗತಿಸುತ್ತೇವೆ. ಮುಖ್ಯರಸ್ತೆಗಳಲ್ಲಿ ವಾಹನ ನಿಲುಗಡೆ ನಿಷೇಧಿಸಿದಾಗ ಅವು ನಮ್ಮ ಕ್ರಾಸ್‌ಗಳಿಗೆ ಬಂದು ಮನೆಗಳ ಗೇಟಿಗೆ ಅಡ್ಡ ನಿಲ್ಲುತ್ತಿವೆ. ಇಲ್ಲಿ ಹಿರಿಯರು, ರೋಗಿಗಳು ಇದ್ದಾರೆ. ನಮ್ಮ ಕ್ರಾಸ್‌ಗಳಲ್ಲಿ ಒಂದು ಬದಿ ನಿಲುಗಡೆ ನಿಷೇಧಿಸಿ ಪ್ರಕಟಣೆಯಲ್ಲಿ ಸೇರಿಸಬೇಕು. ಶನಿವಾರ, ಭಾನುವಾರ ಮತ್ತು ಆಗಸ್ಟ್ 15ರಂದು ಕ್ರಾಸ್ ಬಾಯಲ್ಲಿ ಒಬ್ಬ ಸಿಬ್ಬಂದಿಯನ್ನು ನಿಯೋಜಿಸಬೇಕು. ಅನಧಿಕೃತವಾಗಿ ಹಣ ವಸೂಲಿ ಮಾಡುವವರನ್ನು ತಡೆಯಬೇಕು. ನಿವಾಸಿಗಳಾದ ನಾವು ಸ್ವಯಂಸೇವಕರಾಗಿ ಜೊತೆಗೆ ನಿಲ್ಲುತ್ತೇವೆ."

ಎರಡೂ ಬದಿ ನಿಷೇಧ ಕೇಳಿಲ್ಲ, ಬೇಕಂತಲೇ. ನಮ್ಮದೂ ಗಾಡಿಗಳಿವೆ, ಬಂದವರಿಗೂ ಸ್ವಲ್ಪ ಜಾಗ ಸಿಗಲಿ. ಮಧ್ಯದಲ್ಲಿ ಆಂಬ್ಯುಲೆನ್ಸ್ ಹೋಗುವಷ್ಟು ದಾರಿ ಖಾಲಿ ಇದ್ದರೆ ಸಾಕು.

ಹಿಂದಿನ ಕ್ರಾಸ್, ಅಜ್ಜಿಯ ಮಗ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಸ್ವಯಂಸೇವಕರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಹಾಕಿ. ಆಗಸ್ಟ್ 15ಕ್ಕೆ ಬೆಳಗ್ಗೆಯಿಂದ ನಿಲ್ತೀನಿ. ಡಯಾಲಿಸಿಸ್ ದಿನ ಮಾತ್ರ ಮಧ್ಯಾಹ್ನದ ನಂತರ.

ಮಾವಿನಮರದ ಮನೆ

ನಾನು ಸಂಜೆ ಪಾಳಿ. ನನ್ನ ಮಗಳೂ ಬರ್ತಾಳೆ, ಕಾಲೇಜ್ ರಜೆ.

ಅಂಗಡಿ ಎದುರು ಮನೆ (ಅಡ್ಮಿನ್)

ಹಾಗಾದರೆ ಈ ಭಾನುವಾರ ಬೆಳಗ್ಗೆ 8ರಿಂದ 10ರವರೆಗೆ ಟೀ ಅಂಗಡಿ ಮುಂದೆ ಮೇಜು ಹಾಕಿರ್ತೇನೆ. ಬಂದು ಸಹಿ ಹಾಕಿ. ಮನೆ ನಂಬರ್ ಬರೆದರೆ ಸಾಕು, ಬೇರೆ ದಾಖಲೆ ಬೇಡ. ಬಾಡಿಗೆಗೆ ಇರುವವರೂ ಸಹಿ ಹಾಕಬೇಕು, ನಾವು ಮಾಲೀಕರಲ್ಲ ಅಂತ ಹಿಂದೆ ಸರೀಬೇಡಿ. ಮೆಟ್ಟಿಲು ಇಳಿಯೋಕೆ ಆಗದ ಹಿರಿಯರ ಮನೆಗೆ ನಾನೇ ಪೆನ್ನು ಹಿಡಿದು ಬರ್ತೇನೆ. ಸೋಮವಾರ ಬೆಳಗ್ಗೆ ಠಾಣೆಗೆ, ಅಲ್ಲಿಂದ ನೇರ ಲಾಲ್‌ಬಾಗ್ ಒಳಗಿನ ತೋಟಗಾರಿಕೆ ಕಚೇರಿಗೆ. ಸ್ವೀಕೃತಿ ಮೊಹರು ಹಾಕಿಸಿದ ಪ್ರತಿಯ ಫೋಟೊ ಅವತ್ತೇ ಇಲ್ಲಿ ಹಾಕ್ತೇನೆ.